ಹಳೆಯದನ್ನು ಅಳಿಸುವ ಮುನ್ನ

(ಬಳಗದ ದಾಖಲೀಕರಣ ಶಿಬಿರದಲ್ಲಿ ಗ್ರಾಮ ಘಟಕಗಳ ಕಾರ್ಯಕರ್ತರು ಮತ್ತು ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಬೆಟ್ಟಗಳ ವಿಷಯ ಮಾತನಾಡಲು ಸೇರುವ ಈ ಬಳಗದಲ್ಲಿ ಗಣಕಯಂತ್ರದ ಹಾರ್ಡ್ ಡಿಸ್ಕಿನ ಬಗ್ಗೆ ಒಂದು ಗಂಟೆ ಮಾತನಾಡಬೇಕೆಂದು ಸಂಚಾಲಕರು ಸೂಚಿಸಿದಾಗ, ಇದು ಈ ಸಭೆಗೆ ಸಲ್ಲುವ ವಿಷಯವೇ ಎಂಬ ಅನುಮಾನ ಕೆಲವರಿಗಾದರೂ ಬಂದಿರಬಹುದು. ಸಲ್ಲುತ್ತದೆ ಎಂದೇ ನನ್ನ ನಂಬಿಕೆ. ನಮ್ಮ ಘಟಕಗಳು ವರ್ಷಗಟ್ಟಲೆ ಬರೆದಿಟ್ಟ ಮಳೆಯ ಲೆಕ್ಕ, ಬೇಸಿಗೆಯಲ್ಲಿ ಬತ್ತುವ ಒರತೆಗಳ ಪಟ್ಟಿ, ಗ್ರಾಮದ ಜೀವವೈವಿಧ್ಯ ದಾಖಲಾತಿ, ಹಕ್ಕಿ-ಕಪ್ಪೆಗಳ ಛಾಯಾಚಿತ್ರ, ಹಿರಿಯರ ಬಾಯಿಯಿಂದ ಕೇಳಿ ಮುದ್ರಿಸಿಕೊಂಡ ಮದ್ದಿನ ಗಿಡಗಳ ಮಾಹಿತಿ ಇವೆಲ್ಲವೂ ಇಂದು ಒಂದಲ್ಲ ಒಂದು ಗಣಕಯಂತ್ರದ ಒಳಗಿವೆ. ಕಾಗದದ ಕಾಲದಲ್ಲಿ ಇವಕ್ಕೆ ಗೆದ್ದಲು ಮತ್ತು ಮಳೆಗಾಲದ ತೇವ ಶತ್ರುಗಳಾಗಿದ್ದವು. ಈಗಿನ ಶತ್ರು ಬೇರೆ. ತೆರೆಯ ಮೇಲೆ ಒಂದು ದಿನ ಮೂಡುವ 'ಜಾಗ ಸಾಲದು' ಎಂಬ ಸೂಚನೆ ಮತ್ತು ಅದನ್ನು ಕಂಡೊಡನೆ ನಾವು ಅವಸರದಿಂದ ಮಾಡುವ ಅಳಿಸುವಿಕೆ.

ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2015ರಲ್ಲಿ ಬಂದ ಆ ವ್ಯವಸ್ಥೆ ಹತ್ತು ವರ್ಷಗಳ ಕಾಲ ನಮ್ಮ ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಮನೆಗಳಲ್ಲಿ ಬೇರೂರಿತ್ತು. ಹೀಗಾಗಿ ಉನ್ನತೀಕರಣ ಎಂಬ ಕೆಲಸ ಈಗ ನಮ್ಮ ಬಾಗಿಲಿಗೂ ಬಂದು ನಿಂತಿದೆ. ಆ ಕೆಲಸದ ನಡುವೆ ಹಳೆಯ ದತ್ತಾಂಶಕ್ಕೆ ಏನಾಗುತ್ತದೆ, ಅದು ಜಾಗವನ್ನು ಏಕೆ ಹಿಡಿದುಕೊಳ್ಳುತ್ತದೆ, ಯಾವುದನ್ನು ತೆಗೆಯಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ತಿಳಿದುಕೊಳ್ಳದೆ ಮುಂದುವರಿದರೆ ನಷ್ಟವಾಗುವುದು ಯಂತ್ರಕ್ಕಲ್ಲ, ಊರಿನ ನೆನಪಿಗೆ.

ಉನ್ನತೀಕರಣಕ್ಕೆ ಜಾಗವೇಕೆ ಬೇಕು?

ಅಡಿಕೆ ತೋಟವನ್ನು ಹೊಸದು ಮಾಡುವ ಕ್ರಮ ನಿಮಗೆಲ್ಲ ತಿಳಿದದ್ದೇ. ಹಳೆಯ ಮರಗಳನ್ನು ಒಂದೇ ದಿನ ಕಡಿದು ಹೊಸ ಸಸಿ ನೆಡುವುದಿಲ್ಲ. ಹಳೆಯ ಮರಗಳ ನಡುವೆ ಸಸಿಗಳನ್ನು ನೆಟ್ಟು, ಅವು ನೆಲ ಹಿಡಿದು ಫಸಲು ಕೊಡತೊಡಗಿದ ಮೇಲೆ ಹಳೆಯವನ್ನು ಒಂದೊಂದಾಗಿ ತೆಗೆಯುತ್ತಾರೆ. ಆ ನಡುವಿನ ಕೆಲವು ವರ್ಷ ತೋಟ ಇಕ್ಕಟ್ಟಾಗಿ ಕಾಣುತ್ತದೆ, ಒಂದೇ ನೆಲದಲ್ಲಿ ಎರಡು ತೋಟಗಳಿರುತ್ತವೆ. ಆ ಇಕ್ಕಟ್ಟು ತಪ್ಪಲ್ಲ, ಅದು ಕುಟುಂಬದ ಬದುಕಿಗೆ ಇರಿಸಿಕೊಂಡ ಭದ್ರತೆ.

ತಂತ್ರಾಂಶದ ಉನ್ನತೀಕರಣವೂ ಇದೇ ನೀತಿಯ ಮೇಲೆ ನಡೆಯುತ್ತದೆ. ಮೊದಲು ಹೊಸ ಆವೃತ್ತಿಯ ಕಟ್ಟು ಅಂತರಜಾಲದಿಂದ ಇಳಿದು ಡಿಸ್ಕಿನಲ್ಲಿ ಕುಳಿತುಕೊಳ್ಳುತ್ತದೆ. ಎರಡನೆಯದಾಗಿ, ಆ ಕಟ್ಟು ಬಿಚ್ಚಿಕೊಂಡು ಹೊಸ ವ್ಯವಸ್ಥೆ ಸ್ಥಾಪನೆಯಾಗುತ್ತದೆ. ಮೂರನೆಯದಾಗಿ, ಹೊಸದರಲ್ಲಿ ತೊಂದರೆ ಕಂಡರೆ ಹಿಂದಿರುಗಲು ಅನುಕೂಲವಾಗಲೆಂದು ಹಳೆಯ ವ್ಯವಸ್ಥೆಯನ್ನು ಅಳಿಸದೆ ಪಕ್ಕಕ್ಕೆ ಎತ್ತಿಡಲಾಗುತ್ತದೆ. ಹೀಗೆ ಕೆಲಕಾಲ ಇಳಿಸಿದ ಕಟ್ಟು, ಹೊಸತು, ಹಳತು ಮೂರೂ ಒಂದೇ ಡಿಸ್ಕಿನಲ್ಲಿ ಇರಬೇಕಾಗುತ್ತದೆ. ಡಿಸ್ಕ್ ತುಂಬಿದಂತೆ ಕಾಣುವುದು ಈ ಕಾರಣದಿಂದ.

ವಿಂಡೋಸಿನಲ್ಲಿ ಹೀಗೆ ಎತ್ತಿಟ್ಟ ಹಳೆಯ ವ್ಯವಸ್ಥೆಯು ಸಿ ಡ್ರೈವಿನಲ್ಲಿ 'ವಿಂಡೋಸ್.ಓಲ್ಡ್' ಎಂಬ ಫೋಲ್ಡರಿನಲ್ಲಿ ಇರುತ್ತದೆ. ಇದು ಸಾಮಾನ್ಯವಾಗಿ ಹತ್ತಾರು ಜಿಬಿ ಜಾಗ ಹಿಡಿಯುತ್ತದೆ. ಉನ್ನತೀಕರಣವಾದ 10 ದಿನಗಳೊಳಗೆ ಹಳೆಯ ಆವೃತ್ತಿಗೆ ಮರಳುವ ಅವಕಾಶವಿರುತ್ತದೆ. ಆ ಅವಧಿ ಮುಗಿದ ಮೇಲೆ ವಿಂಡೋಸ್ ತಾನಾಗಿಯೇ ಅದನ್ನು ಅಳಿಸುತ್ತದೆ. ವಿಂಡೋಸ್ 10 ಬಂದ ಹೊಸದರಲ್ಲಿ ಈ ಅವಧಿ 30 ದಿನವಿತ್ತು, 2016ರ ಆವೃತ್ತಿಯಿಂದ ಅದನ್ನು 10 ದಿನಕ್ಕೆ ಇಳಿಸಲಾಯಿತು. ನಮ್ಮಂತೆ ವಾರಕ್ಕೊಮ್ಮೆ ಯಂತ್ರ ತೆರೆಯುವವರಿಗೆ 10 ದಿನ ಸಾಲದು. ಡಿಸ್ಮ್ ಎಂಬ ಸಾಧನದ ಆದೇಶವೊಂದರ ಮೂಲಕ ಈ ಅವಧಿಯನ್ನು 60 ದಿನಗಳವರೆಗೆ ಹೆಚ್ಚಿಸಿಕೊಳ್ಳಬಹುದು. ಆದರೆ ಹಳೆಯದು ಅಳಿದುಹೋಗುವ ಮುನ್ನವೇ, ಅಂದರೆ ಮೊದಲ 10 ದಿನಗಳೊಳಗೇ ಅದನ್ನು ಮಾಡಬೇಕು.

ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೂ ಇದೇ ವಿಚಾರವಿದೆ. 2016ರ ಆಂಡ್ರಾಯ್ಡ್ 7ರಿಂದ ಅನೇಕ ಫೋನುಗಳಲ್ಲಿ ವ್ಯವಸ್ಥೆಗೆಂದೇ ಎರಡು ಗೂಡುಗಳನ್ನು ಇರಿಸಲಾಯಿತು. ಒಂದು ಗೂಡಿನಲ್ಲಿ ಫೋನು ಓಡುತ್ತಿರುವಾಗಲೇ ಇನ್ನೊಂದರಲ್ಲಿ ಹೊಸ ಆವೃತ್ತಿ ಸಿದ್ಧವಾಗುತ್ತದೆ. ಫೋನನ್ನು ಆರಿಸಿ ಹಚ್ಚಿದಾಗ ಹೊಸ ಗೂಡಿನಿಂದ ಏಳುತ್ತದೆ, ಏಳಲಾಗದಿದ್ದರೆ ಹಳೆಯದಕ್ಕೇ ಮರಳುತ್ತದೆ. ಎರಡು ಗೂಡುಗಳಿಗೆ ಜಾಗ ಹೆಚ್ಚು ಬೇಕಾಯಿತೆಂದು 2020ರ ಆಂಡ್ರಾಯ್ಡ್ 11ರಲ್ಲಿ, ಬದಲಾದ ಭಾಗಗಳನ್ನಷ್ಟೇ ತಾತ್ಕಾಲಿಕವಾಗಿ ಬೇರೆಡೆ ಇರಿಸುವ ಕ್ರಮ ಬಂತು. ಜಾಗ ಮತ್ತು ಭದ್ರತೆ ಇವೆರಡರ ನಡುವಿನ ಎಳೆದಾಟ ತಂತ್ರಜ್ಞರಿಗೂ ಬಿಟ್ಟಿದ್ದಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

2018ರ ಅಕ್ಟೋಬರಿನ ಪಾಠ

ಹಳೆಯದನ್ನು ಅಳಿಸುವ ಅವಸರ ಎಂಥ ಅನಾಹುತಕ್ಕೆ ಎಡೆಮಾಡುತ್ತದೆ ಎಂಬುದಕ್ಕೆ ಜಗತ್ತೇ ಕಂಡ ಉದಾಹರಣೆಯೊಂದಿದೆ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಎಂಬ ಆವೃತ್ತಿ ಬಿಡುಗಡೆಯಾಯಿತು. ಕೆಲವೇ ದಿನಗಳಲ್ಲಿ, ಉನ್ನತೀಕರಣದ ನಂತರ ತಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿದ್ದ ಕಡತಗಳು ಕಾಣೆಯಾಗಿವೆ ಎಂಬ ದೂರುಗಳು ಬಂದವು. ಬಿಡುಗಡೆಯಾದ ವಾರದೊಳಗೇ ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ತಡೆಹಿಡಿಯಿತು. ಸರಿಪಡಿಸಿ ಮತ್ತೆ ಬಿಡುಗಡೆ ಮಾಡಿದ್ದು ನವೆಂಬರ್ 13ರಂದು.

ಕಾರಣವನ್ನು ಸಂಸ್ಥೆಯೇ ವಿವರಿಸಿತು. ಸಿ ಡ್ರೈವಿನಲ್ಲಿ ಜಾಗ ಕಡಿಮೆಯಿರುವವರು ತಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವಿಗೆ ಸ್ಥಳಾಂತರಿಸುವ ಸೌಲಭ್ಯ ವಿಂಡೋಸಿನಲ್ಲಿದೆ. ಹಾಗೆ ಮಾಡಿದವರಲ್ಲಿ ಕೆಲವರಿಗೆ ಹಿಂದಿನ ಆವೃತ್ತಿಯ ನಂತರ ಅದೇ ಹೆಸರಿನ ಖಾಲಿ ಫೋಲ್ಡರೊಂದು ಹಳೆಯ ಜಾಗದಲ್ಲಿ ಕಾಣಿಸಿಕೊಂಡಿತು. ಬಳಕೆದಾರರು ದೂರಿದರು. ಆ ಖಾಲಿ ಜೋಡಿಯನ್ನು ತೆಗೆದುಹಾಕಲೆಂದು ಅಕ್ಟೋಬರಿನ ಆವೃತ್ತಿಯಲ್ಲಿ ಹೊಸ ಸೂಚನೆಗಳನ್ನು ಬರೆಯಲಾಯಿತು. ಹಳೆಯ ಜಾಗದ ಫೋಲ್ಡರು ಖಾಲಿಯಿರುತ್ತದೆ ಎಂಬ ಎಣಿಕೆ ಎಲ್ಲ ಕಡೆಯೂ ನಿಜವಾಗಿರಲಿಲ್ಲ. ಕೆಲವರು ಫೋಲ್ಡರಿನ ವಿಳಾಸವನ್ನು ಬದಲಿಸಿದ್ದರೇ ಹೊರತು ಒಳಗಿನ ಕಡತಗಳನ್ನು ಹೊಸ ಜಾಗಕ್ಕೆ ಸಾಗಿಸಿರಲಿಲ್ಲ. ಅವರ ಪಾಲಿಗೆ ಹಳೆಯ ಫೋಲ್ಡರು ಅದರೊಳಗಿನ ಸರ್ವಸ್ವದೊಡನೆ ಅಳಿಯಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ನಷ್ಟಕ್ಕೊಳಗಾದವರ ಪ್ರಮಾಣ ಹತ್ತು ಸಾವಿರಕ್ಕೆ ಒಂದರಷ್ಟು ವರದಿಗಳು ಎಂದು ಸಂಸ್ಥೆ ಹೇಳಿತು. ಅಂಕಿ ಸಣ್ಣದು. ಆದರೆ ಆ ಒಬ್ಬನ ಮಟ್ಟಿಗೆ ನಷ್ಟ ನೂರಕ್ಕೆ ನೂರು. ಬಿಡುಗಡೆಗೆ ಮೊದಲು ಪರೀಕ್ಷಾ ಬಳಕೆದಾರರಲ್ಲಿ ಕೆಲವರು ಇಂಥ ನಷ್ಟವನ್ನು ವರದಿ ಮಾಡಿದ್ದರು. ಆದರೆ ವರದಿಗಳ ಸಂಖ್ಯೆ ಕಡಿಮೆಯಿದ್ದುದರಿಂದ ಅವು ಗಮನಕ್ಕೆ ಬರಲಿಲ್ಲ. ಆ ಮೇಲೆ, ದೂರಿನ ತೀವ್ರತೆಯನ್ನೂ ನಮೂದಿಸುವ ವ್ಯವಸ್ಥೆಯನ್ನು ಸಂಸ್ಥೆ ತಂದಿತು. ಎರಡನೆಯ ಅಂಶ ನಮಗೆ ಇನ್ನೂ ಹತ್ತಿರದ್ದು: ಅಳಿಸಿದ್ದು ವೈರಸ್ ಅಲ್ಲ, ಕಳ್ಳನಲ್ಲ. ಅಚ್ಚುಕಟ್ಟು ಮಾಡುವ ಸದುದ್ದೇಶದಿಂದ ಬರೆದ ಸೂಚನೆ. 'ಇದು ಹಳೆಯದು, ಖಾಲಿಯಿರಬೇಕು' ಎಂದು ತೆರೆದು ನೋಡದೆ ಊಹಿಸಿದ್ದೇ ಅನಾಹುತದ ಮೂಲ. ದೊಡ್ಡ ಸಂಸ್ಥೆಯ ನುರಿತ ತಂತ್ರಜ್ಞರಿಗೆ ಆದದ್ದು ನಮ್ಮ ಘಟಕದ ಉತ್ಸಾಹಿ ಹುಡುಗ-ಹುಡುಗಿಯರಿಗೆ ಆಗದು ಎಂದು ಹೇಳಲಾದೀತೆ?

ಉಣ್ಣುವ ಭತ್ತ, ಬಿತ್ತುವ ಭತ್ತ

ಮನೆಯಲ್ಲಿ ಭತ್ತದ ಕಣಜ ತುಂಬಿದಾಗ ಯಾರೂ ಕಣ್ಣುಮುಚ್ಚಿ ಮೂಟೆ ಹೊರಗೆ ಹಾಕುವುದಿಲ್ಲ. ಹೊಟ್ಟನ್ನು ಮೊದಲು ತೆಗೆಯುತ್ತೇವೆ. ಉಣ್ಣುವ ಭತ್ತವನ್ನು ಅಳೆದು ಖರ್ಚು ಮಾಡುತ್ತೇವೆ. ಬೀಜದ ಭತ್ತವನ್ನು ಹಸಿವಿದ್ದರೂ ಮುಟ್ಟುವುದಿಲ್ಲ. ಡಿಸ್ಕಿನಲ್ಲಿರುವ ಹಳೆಯ ದತ್ತಾಂಶವನ್ನೂ ಹೀಗೆಯೇ ಮೂರಾಗಿ ವಿಂಗಡಿಸಿಕೊಳ್ಳಬೇಕು.

ಮೊದಲನೆಯದು ಹೊಟ್ಟು. ಮತ್ತೆ ಯಾವಾಗ ಬೇಕಾದರೂ ಸಿಗುವಂಥದ್ದು ಅಥವಾ ಯಂತ್ರವೇ ಮರಳಿ ಸೃಷ್ಟಿಸಿಕೊಳ್ಳುವಂಥದ್ದು. ಬ್ರೌಸರಿನ ಕ್ಯಾಷ್, ತಾತ್ಕಾಲಿಕ ಕಡತಗಳು, ಸ್ಥಾಪನೆ ಮುಗಿದ ಮೇಲೂ ಉಳಿದ ಇಳಿಕೆಯ ಕಟ್ಟುಗಳು, ರೀಸೈಕಲ್ ಬಿನ್ನಿನಲ್ಲಿ ಪರೀಕ್ಷಿಸಿ ಬಿಟ್ಟ ಕಸ ಈ ವರ್ಗಕ್ಕೆ ಸೇರುತ್ತವೆ. ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಇಳಿಸಿಕೊಂಡ ಕಟ್ಟುಗಳು ಒಂದು ನಿರ್ದಿಷ್ಟ ಫೋಲ್ಡರಿನಲ್ಲಿ ಉಳಿದಿರುತ್ತವೆ, 'ಆಪ್ಟ್ ಕ್ಲೀನ್' ಎಂಬ ಆದೇಶ ಅವನ್ನು ತೆಗೆಯುತ್ತದೆ.

ಎರಡನೆಯದು ಕೆಲಕಾಲ ಬೇಕಾದದ್ದು. ವಿಂಡೋಸ್.ಓಲ್ಡ್ ಇದಕ್ಕೆ ಸರಿಯಾದ ಉದಾಹರಣೆ. ಲಿನಕ್ಸಿನ ಹಳೆಯ ಕರ್ನಲ್‌ಗಳೂ ಹಾಗೆಯೇ. ಹೊಸ ಕರ್ನಲ್ ಬಂದಾಗ ಹಳೆಯದು ಅಳಿಯುವುದಿಲ್ಲ. ಬೂಟ್ ಎಂಬ ಪುಟ್ಟ ವಿಭಾಗ ಪ್ರತ್ಯೇಕವಾಗಿದ್ದರೆ ಅದು ಬೇಗ ತುಂಬಿ ಮುಂದಿನ ಉನ್ನತೀಕರಣ ಅರ್ಧಕ್ಕೇ ನಿಲ್ಲುವುದುಂಟು. 'ಆಟೋರಿಮೂವ್' ಎಂಬ ಆದೇಶ ತೀರ ಹಳೆಯವನ್ನು ತೆಗೆದು, ಈಗ ಓಡುತ್ತಿರುವುದನ್ನು ಹಾಗೂ ಅದರ ಜೊತೆ ಆಪತ್ತಿಗೆಂದು ಇನ್ನೊಂದನ್ನು ಉಳಿಸುತ್ತದೆ. ಈ ಕಡತಗಳನ್ನು ಕೈಯಿಂದ ಆರಿಸಿ ಅಳಿಸುವುದಕ್ಕಿಂತ ಆ ಆದೇಶವನ್ನು ನಂಬುವುದೇ ಕ್ಷೇಮ.

ಮೂರನೆಯದು ಬಿತ್ತನೆಯ ಬೀಜ. ನಾವೇ ಸಂಗ್ರಹಿಸಿದ, ಬೇರೆಲ್ಲೂ ಇಲ್ಲದ, ಮತ್ತೆ ಸಂಗ್ರಹಿಸಲಾಗದ ದತ್ತಾಂಶ. ಕಳೆದುಹೋದ ಜುಲೈ ತಿಂಗಳಿನ ಮಳೆಯನ್ನು ಮತ್ತೊಮ್ಮೆ ಅಳೆಯಲು ಯಾರಿಂದಲೂ ಸಾಧ್ಯವಿಲ್ಲ. ಕಾಲವಾದ ಅಜ್ಜಿಯ ಧ್ವನಿಯನ್ನು ಮತ್ತೆ ಮುದ್ರಿಸಿಕೊಳ್ಳಲಾಗದು.

ಈಗ ಒಂದು ಸರಳ ಲೆಕ್ಕ ನೋಡೋಣ. ದಿನಾಂಕ, ಸ್ಥಳದ ಸಂಕೇತ ಮತ್ತು ಮಳೆಯ ಪ್ರಮಾಣ ಇರುವ ಒಂದು ಸಾಲಿಗೆ ಸುಮಾರು 20 ಬೈಟ್ ಸಾಕು. ವರ್ಷದ 365 ದಿನಕ್ಕೆ 7,300 ಬೈಟ್. ಐವತ್ತು ವರ್ಷದ ನಿತ್ಯದ ಮಳೆಯ ಲೆಕ್ಕವೆಂದರೆ 3,65,000 ಬೈಟ್, ಅಂದರೆ ಅರ್ಧ ಎಂಬಿಯೂ ಅಲ್ಲ. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ಇದರ ಎಷ್ಟೋ ಪಟ್ಟು ದೊಡ್ಡದು. 20 ಜಿಬಿಯ ವಿಂಡೋಸ್.ಓಲ್ಡ್ ಹಿಡಿಯುವ ಜಾಗದಲ್ಲಿ ಅಂಥ ಐವತ್ತು ಸಾವಿರಕ್ಕೂ ಹೆಚ್ಚು ಕೇಂದ್ರಗಳ ಐವತ್ತು ವರ್ಷದ ಲೆಕ್ಕವನ್ನು ಇಡಬಹುದು. ಅಮೂಲ್ಯವಾದದ್ದು ಅತ್ಯಲ್ಪ ಜಾಗದಲ್ಲಿದೆ, ಜಾಗ ತಿನ್ನುತ್ತಿರುವುದು ಬಹುಪಾಲು ಹೊಟ್ಟು. ಆದರೂ ಡಿಸ್ಕ್ ತುಂಬಿದಾಗ ನಮ್ಮ ಕೈ ಮೊದಲು ಹೋಗುವುದು ಕಣ್ಣಿಗೆ ಕಾಣುವ, ಹೆಸರು ಓದಲು ಬರುವ ಹಳೆಯ ಕಡತಗಳ ಕಡೆಗೆ. ಈ ಅಭ್ಯಾಸವನ್ನು ತಿದ್ದಿಕೊಂಡರೆ ಅರ್ಧ ಕೆಲಸ ಆದಂತೆ.

ಮಾಡಬೇಕಾದ ಕ್ರಮ

ಉನ್ನತೀಕರಣಕ್ಕೆ ಮುನ್ನ, ಬಿತ್ತನೆಯ ಬೀಜವೆಂದು ಗುರುತಿಸಿದ ಎಲ್ಲವನ್ನೂ ಒಂದೇ ಫೋಲ್ಡರಿಗೆ ತನ್ನಿ. ಅದರ ಮೂರು ಪ್ರತಿಗಳಿರಲಿ. ಅವು ಕನಿಷ್ಠ ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಮಳೆಗಾಲದಲ್ಲಿ ಸಿಡಿಲು ಬಡಿದು ಒಂದೇ ಮನೆಯ ಎರಡೂ ಯಂತ್ರಗಳು ಸುಡುವ ಸಂಭವ ನಮ್ಮ ಸೀಮೆಯಲ್ಲಿ ಉಂಟು. ಒಂದು ಪೆನ್‌ಡ್ರೈವನ್ನೇ ನಂಬಿ ಕೂರಬಾರದು.

ಪ್ರತಿ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. 'ಶಾ-256' ಎಂಬ ಗಣಿತ ವಿಧಾನವು ಯಾವುದೇ ಕಡತವನ್ನು ಓದಿ 64 ಅಕ್ಷರಗಳ ಒಂದು ಗುರುತನ್ನು ಕೊಡುತ್ತದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಸಂಪೂರ್ಣ ಬದಲಾಗುತ್ತದೆ. ಮೂಲ ಮತ್ತು ಪ್ರತಿ ಎರಡರ ಗುರುತೂ ಒಂದೇ ಆಗಿದ್ದರೆ ಪ್ರತಿ ಯಥಾವತ್ತಾಗಿದೆ ಎಂದು ನಿಶ್ಚಿಂತೆಯಿಂದ ಹೇಳಬಹುದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದಕ್ಕೆ ಬೇಕಾದ ಸಾಧನ ಮೊದಲೇ ಇರುತ್ತದೆ.

ಅನಂತರ ಹೊಟ್ಟನ್ನು ತೆಗೆಯಿರಿ. ವಿಂಡೋಸಿನ ಸೆಟ್ಟಿಂಗ್ಸ್ ಒಳಗೆ ಸಿಸ್ಟಂ, ಅದರಲ್ಲಿ ಸ್ಟೋರೇಜ್, ಅದರಲ್ಲಿ ಟೆಂಪರರಿ ಫೈಲ್ಸ್ ಎಂಬಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಸಾಲೂ ಇರುತ್ತದೆ. ಅದು ತಾತ್ಕಾಲಿಕ ಕಡತವಲ್ಲ, ನಾವು ಇಳಿಸಿಕೊಂಡ ಪಹಣಿ, ನಕ್ಷೆ, ನ್ಯಾಯಾಲಯದ ಆದೇಶಗಳೆಲ್ಲ ಅಲ್ಲಿಯೇ ಇರುವುದು. ಎಲ್ಲ ಚೌಕಗಳಿಗೂ ಗುರುತು ಹಾಕಿ ಅಳಿಸು ಎಂದು ಒತ್ತಿದರೆ ಅವೂ ಹೋಗುತ್ತವೆ.

ಉನ್ನತೀಕರಣ ನಡೆಯುವ ಹೊತ್ತಿಗೆ ವಿದ್ಯುತ್ತು ಹೋಗದಂತೆ ನೋಡಿಕೊಳ್ಳುವುದು ಮುಖ್ಯ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಬೇಕು, ಮೇಜಿನ ಯಂತ್ರವಾದರೆ ಯುಪಿಎಸ್ ಇರಬೇಕು. ಆಷಾಢದ ಗಾಳಿಮಳೆಯ ದಿನಗಳಲ್ಲಿ ಈ ಕೆಲಸವನ್ನು ಕೈಗೆತ್ತಿಕೊಳ್ಳದಿರುವುದು ಜಾಣತನ.

ಉನ್ನತೀಕರಣದ ನಂತರ ವಿಂಡೋಸ್.ಓಲ್ಡನ್ನು ಅಂದೇ ಅಳಿಸಬೇಡಿ. ಕನಿಷ್ಠ ಒಂದು ವಾರ ಎಲ್ಲ ಕೆಲಸಗಳನ್ನೂ ಮಾಡಿ ನೋಡಿ. ಮುದ್ರಣಯಂತ್ರ ಕೆಲಸ ಮಾಡುತ್ತದೆಯೇ, ಕನ್ನಡ ಅಕ್ಷರ ಮೂಡುತ್ತದೆಯೇ, ಹಳೆಯ ಲೆಕ್ಕದ ಹಾಳೆಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಿ. ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ವಿಂಡೋಸನ್ನು ಹೊಸದಾಗಿ ಅಳವಡಿಸಿದವರಿಗೆ ಇನ್ನೊಂದು ಮಾತು: ಅಂಥ ಸಂದರ್ಭದಲ್ಲಿ ನಿಮ್ಮ ಹಳೆಯ ಡಾಕ್ಯುಮೆಂಟ್ಸ್ ಕೂಡ ವಿಂಡೋಸ್.ಓಲ್ಡ್ ಒಳಗಿನ ಯೂಸರ್ಸ್ ಫೋಲ್ಡರಿನಲ್ಲಿಯೇ ಉಳಿದಿರುತ್ತವೆ. ಅವನ್ನು ಹೊರತೆಗೆಯುವ ಮುನ್ನ ಆ ಫೋಲ್ಡರು ಅಳಿದರೆ ಬೀಜದ ಭತ್ತವೂ ಹೊಟ್ಟಿನೊಡನೆ ತಿಪ್ಪೆಗೆ ಹೋದಂತೆ. ಎಲ್ಲವೂ ಸರಿಯಿದೆ ಎಂದು ಖಚಿತವಾದ ಮೇಲೆ, ಎಕ್ಸ್‌ಪ್ಲೋರರ್‌ನಲ್ಲಿ ಆರಿಸಿ ಡಿಲೀಟ್ ಗುಂಡಿ ಒತ್ತದೆ, ಅದೇ ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿರುವ 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್' ಎಂಬ ಸಾಲಿನ ಮೂಲಕ ತೆಗೆಯಿರಿ.

ವಿದ್ಯಾರ್ಥಿಗಳಿಗೆ ಒಂದು ಮಾತು

ಗಣಕ ವಿಜ್ಞಾನ ಓದುತ್ತಿರುವ ಮಿತ್ರರು ಮುಂದೆ ದೊಡ್ಡ ದತ್ತಸಂಚಯಗಳನ್ನು ನೋಡಿಕೊಳ್ಳುವವರು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶದ ಉದಾಹರಣೆಯನ್ನು ಅವರ ಮುಂದಿಡುತ್ತೇನೆ. ಅದರ ಪ್ರತಿಯೊಂದು ಮುಖ್ಯ ಆವೃತ್ತಿಗೂ ಸುಮಾರು ಐದು ವರ್ಷದ ಬೆಂಬಲವಿರುತ್ತದೆ, ಆಮೇಲೆ ಉನ್ನತೀಕರಣ ಅನಿವಾರ್ಯ. 'ಪಿಜಿ ಅಪ್‌ಗ್ರೇಡ್' ಎಂಬ ಸಾಧನ ಇದನ್ನು ಮಾಡುತ್ತದೆ. ಅದರಲ್ಲಿ ಜಾಗದ ಪ್ರಶ್ನೆಗಿರುವ ಉತ್ತರಗಳಲ್ಲಿ ಮೂರನ್ನು ನೋಡೋಣ.

ಮೊದಲನೆಯದು ನಕಲು. ಹಳೆಯ ದತ್ತಾಂಶ ಹಾಗೆಯೇ ಉಳಿದು ಹೊಸ ಆವೃತ್ತಿಗೆ ಪೂರ್ಣ ಪ್ರತಿ ಸಿದ್ಧವಾಗುತ್ತದೆ. 100 ಜಿಬಿ ದತ್ತಾಂಶವಿದ್ದರೆ ಇನ್ನೂ 100 ಜಿಬಿ ಜಾಗ ಬೇಕು, ಸಮಯವೂ ಬೇಕು. ಆದರೆ ಹಿಂದಿರುಗುವ ದಾರಿ ತೆರೆದಿರುತ್ತದೆ.

ಎರಡನೆಯದು ಕೊಂಡಿ. ದತ್ತಾಂಶವನ್ನು ನಕಲಿಸದೆ ಅದೇ ಕಡತಕ್ಕೆ ಇನ್ನೊಂದು ಹೆಸರನ್ನು ಕೊಡಲಾಗುತ್ತದೆ. ಒಂದೇ ಸರ್ವೆ ನಂಬರಿನ ಜಮೀನಿಗೆ ಎರಡು ಹೆಸರು ಕರೆದಂತೆ. ಹೆಸರು ಎರಡಾದರೂ ನೆಲ ಒಂದೇ. ಜಾಗ ಬಹುಮಟ್ಟಿಗೆ ಬೇಕಿಲ್ಲ, ಕೆಲಸ ನಿಮಿಷಗಳಲ್ಲಿ ಮುಗಿಯಬಹುದು. ಆದರೆ ಹೊಸ ಆವೃತ್ತಿಯನ್ನು ಒಮ್ಮೆ ಚಾಲೂ ಮಾಡಿ ಅದು ಆ ನೆಲವನ್ನು ಉತ್ತಿತೆಂದರೆ, ಹಳೆಯ ಆವೃತ್ತಿಯನ್ನು ಮತ್ತೆ ಬಳಸುವುದು ಕ್ಷೇಮವಲ್ಲ. ಬೇರೆಡೆ ಇಟ್ಟ ಬ್ಯಾಕಪ್ ಪ್ರತಿಯೊಂದೇ ಆಗ ಗತಿ.

ಮೂರನೆಯದು 2019ರಲ್ಲಿ 12ನೆಯ ಆವೃತ್ತಿಯೊಡನೆ ಬಂದ ಕ್ಲೋನ್ ವಿಧಾನ. ಬಿಟಿಆರ್‌ಎಫ್‌ಎಸ್‌ನಂಥ ಕೆಲವು ಕಡತ ವ್ಯವಸ್ಥೆಗಳಲ್ಲಿ ಮಾತ್ರ ಸಾಧ್ಯವಾದ ಈ ಕ್ರಮದಲ್ಲಿ ಆರಂಭದಲ್ಲಿ ಹೊಸತೂ ಹಳತೂ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ. ಬದಲಾದ ಭಾಗಕ್ಕೆ ಮಾತ್ರ ಹೊಸ ಜಾಗ ಖರ್ಚಾಗುತ್ತದೆ, ಹಳತು ಹಾಳಾಗದೆ ಉಳಿಯುತ್ತದೆ.

ಕೆಲಸ ಮುಗಿದ ಮೇಲೆ ಈ ಸಾಧನ ಹಳೆಯ ದತ್ತಾಂಶವನ್ನು ತಾನಾಗಿ ಅಳಿಸುವುದಿಲ್ಲ. ಅಳಿಸುವ ಆದೇಶವುಳ್ಳ ಪುಟ್ಟ ಕಡತವೊಂದನ್ನು ಸಿದ್ಧಪಡಿಸಿ ನಮ್ಮ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಯಂತ್ರ ಸಹಾಯ ಮಾಡಲಿ, ಕೊನೆಯ ನಿರ್ಧಾರ ಮನುಷ್ಯನದಾಗಿರಲಿ ಎಂಬ ಈ ವಿನಯ ತಂತ್ರಾಂಶ ಬರೆಯುವ ಎಲ್ಲರಿಗೂ ಮಾದರಿ. 2018ರಲ್ಲಿ ಆ ಖಾಲಿ ಫೋಲ್ಡರುಗಳ ಬಗ್ಗೆಯೂ ಬಳಕೆದಾರನನ್ನು ಒಮ್ಮೆ ಕೇಳಿದ್ದರೆ ಎಷ್ಟೋ ಮನೆಗಳ ಚಿತ್ರಗಳು ಉಳಿಯುತ್ತಿದ್ದವು.

ಉಳಿದರೂ ಓದಲಾಗದ ದತ್ತಾಂಶ

ಕನ್ನಡಿಗರಾದ ನಮಗೆ ಉನ್ನತೀಕರಣದಲ್ಲಿ ಇನ್ನೊಂದು ವಿಶೇಷ ತೊಡಕುಂಟು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ನಮ್ಮ ಬಳಕೆಗೆ ಅದು ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದೆವು. ಆ ಕಡತಗಳಲ್ಲಿ ವಾಸ್ತವವಾಗಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅದರ ಮೇಲೆ ಕನ್ನಡದ ಮುಖವಾಡ ತೊಡಿಸುವುದು ಫಾಂಟಿನ ಕೆಲಸ. ಹೊಸ ವ್ಯವಸ್ಥೆ ಹಾಕುವಾಗ 'ಹಳೆಯ ತಂತ್ರಾಂಶ, ಜಾಗ ದಂಡ' ಎಂದು ಆ ಫಾಂಟನ್ನು ಬಿಟ್ಟುಬಿಟ್ಟರೆ, ಕಡತ ಕ್ಷೇಮವಾಗಿದ್ದರೂ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಮಾತ್ರ ಕಾಣುತ್ತದೆ. ಇದನ್ನು ನೋಡಿದವರು ಕಡತ ಕೆಟ್ಟಿದೆಯೆಂದು ತಿಳಿದು ಅಳಿಸುತ್ತಾರೆ. ಕೆಟ್ಟಿರುವುದಿಲ್ಲ, ಬೀಗದ ಕೈ ಕಳೆದಿರುತ್ತದೆ ಅಷ್ಟೆ.

ಪತ್ರಿಕೆ, ಕರಪತ್ರಗಳನ್ನು ಪೇಜ್‌ಮೇಕರಿನಲ್ಲಿ ಜೋಡಿಸಿದವರಿಗೂ ಇದೇ ಮಾತು ಅನ್ವಯಿಸುತ್ತದೆ. ಅದರ ಕೊನೆಯ ಮುಖ್ಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಈಗಿನ ಇನ್‌ಡಿಸೈನ್ ಆವೃತ್ತಿಗಳು ಆ ಕಡತಗಳನ್ನು ನೇರವಾಗಿ ತೆರೆಯುವುದಿಲ್ಲ. ಆದುದರಿಂದ ಹಳೆಯ ಯಂತ್ರ ಓಡುತ್ತಿರುವಾಗಲೇ ಅವನ್ನು ಪಿಡಿಎಫ್ ರೂಪಕ್ಕೆ ಇಳಿಸಿಕೊಳ್ಳಬೇಕು, ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ ಸರಳ ಪಠ್ಯವಾಗಿ ಇಟ್ಟುಕೊಳ್ಳಬೇಕು, ಮೂಲ ಕಡತವನ್ನೂ ಫಾಂಟನ್ನೂ ಒಟ್ಟಿಗೇ ಕಾಪಾಡಬೇಕು. ಒಂದು ಫಾಂಟಿಗೆ ಬೇಕಾಗುವ ಜಾಗ ಬಹು ಅಲ್ಪ, ಅದನ್ನು ಉಳಿಸಿಕೊಳ್ಳಲು ಜಿಪುಣತನ ಬೇಡ.

ಅಳಿಸಿದ್ದು, ಬದಿಗಿಟ್ಟದ್ದು

ಹಳೆಯ ದತ್ತಾಂಶದ ಬೆಲೆ ಅದನ್ನು ಸಂಗ್ರಹಿಸುವ ದಿನ ಗೊತ್ತಾಗುವುದಿಲ್ಲ. 1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯಗಳ ಮೂಲ ಸಂಕೇತಗಳು ಕಾಂತಪಟ್ಟಿಗಳಲ್ಲಿ ದಾಖಲಾಗಿದ್ದವು. ಅವು ದೂರದರ್ಶನದಲ್ಲಿ ಪ್ರಸಾರವಾದದ್ದಕ್ಕಿಂತ ಸ್ಪಷ್ಟವಾಗಿದ್ದವು. ಹಲವು ವರ್ಷಗಳ ಹುಡುಕಾಟದ ನಂತರ 2009ರಲ್ಲಿ ಅಮೆರಿಕದ ನಾಸಾ ಸಂಸ್ಥೆ ತಲುಪಿದ ತೀರ್ಮಾನವೇನೆಂದರೆ, ಪಟ್ಟಿಗಳ ಕೊರತೆಯಿದ್ದ ಕಾಲದಲ್ಲಿ ಅವನ್ನು ಅಳಿಸಿ ಬೇರೆ ದಾಖಲೆಗೆ ಮರುಬಳಕೆ ಮಾಡಿರಬೇಕು ಎಂಬುದು. ಅಂದು ಜಾಗ ಉಳಿಯಿತು, ಚರಿತ್ರೆಯ ಮೂಲಪ್ರತಿ ಹೋಯಿತು.

ಇದಕ್ಕೆ ಪ್ರತಿಯಾಗಿ ಓಜೋನ್ ಪದರದ ಕಥೆ ನೋಡಿ. ನಿಂಬಸ್-7 ಉಪಗ್ರಹ 1978ರಿಂದ ಓಜೋನನ್ನು ಅಳೆಯುತ್ತಿತ್ತು. 180 ಡಾಬ್ಸನ್ ಮಾನಕ್ಕಿಂತ ಕಡಿಮೆ ಬಂದ ಅಳತೆಗಳನ್ನು ಅದರ ದತ್ತಾಂಶ ಸಂಸ್ಕರಿಸುವ ತಂತ್ರಾಂಶ ಸಂದೇಹಾಸ್ಪದವೆಂದು ಗುರುತು ಹಾಕಿ ಬದಿಗಿಡುತ್ತಿತ್ತು. 1985ರ ಮೇ ತಿಂಗಳಲ್ಲಿ ಬ್ರಿಟನ್ನಿನ ಫರ್ಮಾನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಎಂಬ ವಿಜ್ಞಾನಿಗಳು ಅಂಟಾರ್ಕ್ಟಿಕದ ಹ್ಯಾಲಿ ನಿಲ್ದಾಣದಲ್ಲಿ 1950ರ ದಶಕದಿಂದ ನಡೆದುಬಂದ ಅಳತೆಗಳ ಆಧಾರದಿಂದ ಓಜೋನ್ ಕುಸಿತವನ್ನು ಪ್ರಕಟಿಸಿದರು. ಉಪಗ್ರಹದ ದತ್ತಾಂಶವೂ ಅದನ್ನೇ ದೃಢಪಡಿಸಿತು, ರಂಧ್ರದ ವಿಸ್ತಾರವನ್ನು ಜಗತ್ತಿಗೆ ನಕ್ಷೆಯಾಗಿ ತೋರಿಸಿತು. ಸಂದೇಹದ ಅಳತೆಗಳನ್ನು ಜಾಗದ ನೆವದಿಂದ ಅಳಿಸದೆ ಬದಿಗಿಟ್ಟಿದ್ದರಿಂದ ಅದು ಸಾಧ್ಯವಾಯಿತು. ದೂರದ ನಿಲ್ದಾಣವೊಂದರಲ್ಲಿ ಮೂರು ದಶಕ ಬಿಡದೆ ಬರೆದಿಟ್ಟ ಲೆಕ್ಕ ಇಡೀ ಭೂಮಂಡಲದ ನೀತಿಯನ್ನು ಬದಲಿಸಿತು. ನಮ್ಮ ಘಟ್ಟದ ಮಳೆಮಾಪಕದ ಮುಂದೆ ನಿಲ್ಲುವವರು ಇದನ್ನು ನೆನಪಿಡಬೇಕು.

ಯಂತ್ರವನ್ನೇ ಎಸೆಯಬೇಕೆ?

ಜಾಗ ಸಾಲದಾದಾಗ ಯಂತ್ರವನ್ನೇ ಬದಲಿಸಿ ಎಂಬ ಸಲಹೆ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ವಿಂಡೋಸ್ 11ಕ್ಕೆ 64 ಜಿಬಿ ಸಂಗ್ರಹಣೆ, 4 ಜಿಬಿ ರಾಮ್, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಅನುಮೋದಿತ ಪಟ್ಟಿಯಲ್ಲಿರುವ ಸಂಸ್ಕಾರಕ ಬೇಕೆಂಬುದು ನಿಜ. ಇವುಗಳಲ್ಲಿ ಕೊರತೆ ಸಂಗ್ರಹಣೆಯದು ಮಾತ್ರವಾಗಿದ್ದರೆ, ಬಹುತೇಕ ಯಂತ್ರಗಳಲ್ಲಿ ಡಿಸ್ಕನ್ನಷ್ಟೇ ಬದಲಿಸಿ ಅಥವಾ ಇನ್ನೊಂದನ್ನು ಸೇರಿಸಿ ನಿವಾರಿಸಿಕೊಳ್ಳಬಹುದು. ಸಂಸ್ಕಾರಕವೇ ಹಳೆಯದಾಗಿದ್ದರೆ ಲಿನಕ್ಸ್ ಹಾಕಿ ಬರಹ, ಲೆಕ್ಕಪತ್ರ, ನಕ್ಷೆಗಳ ಕೆಲಸಕ್ಕೆ ಇನ್ನಷ್ಟು ವರ್ಷ ದುಡಿಸಿಕೊಳ್ಳಬಹುದು. 2022ನೆಯ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಸೃಷ್ಟಿಸಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಯ್ದುದಕ್ಕೆ ದಾಖಲೆಯಿರುವುದು ಶೇ. 22.3ರಷ್ಟು ಮಾತ್ರ. ವಿಂಡೋಸ್.ಓಲ್ಡ್ ತೆಗೆಯಲು ಬಾರದೆ ಒಂದು ಯಂತ್ರವನ್ನು ಆ ರಾಶಿಗೆ ಸೇರಿಸುವುದು ನಮ್ಮ ಬಳಗಕ್ಕೆ ಶೋಭಿಸುವುದಿಲ್ಲ. ಎಸೆಯಲೇಬೇಕಾದ ಪ್ರಸಂಗ ಬಂದರೆ ಗುಜರಿಗೆ ಹಾಕುವ ಮುನ್ನ ಅದರ ಡಿಸ್ಕನ್ನು ಬಿಚ್ಚಿ, ಒಳಗಿರುವುದನ್ನು ಪರೀಕ್ಷಿಸಿ, ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು.

ಬಂಧುಗಳೇ, ಕೊನೆಯದಾಗಿ ಮೂರು ವಿನಂತಿಗಳು. ಪ್ರತಿಯೊಂದು ಘಟಕವೂ ದತ್ತಾಂಶದ ಜವಾಬ್ದಾರಿಯನ್ನು ಇಬ್ಬರಿಗೆ ವಹಿಸಲಿ. ಒಬ್ಬರು ಹಿರಿಯರು, ಯಾವುದು ಬೀಜ, ಯಾವುದು ಹೊಟ್ಟು ಎಂದು ಬಲ್ಲವರು. ಇನ್ನೊಬ್ಬರು ವಿದ್ಯಾರ್ಥಿ, ಯಂತ್ರವನ್ನು ಬಲ್ಲವರು. ಒಬ್ಬರೇ ಕುಳಿತು ಏನನ್ನೂ ಅಳಿಸದಿರಲಿ. ಎರಡನೆಯದಾಗಿ, ಯಂತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ. ಏನನ್ನು ಅಳಿಸಲಾಯಿತು, ಯಾವ ದಿನ, ಅದರ ಪ್ರತಿ ಎಲ್ಲಿದೆ ಎಂದು ಅದರಲ್ಲಿ ಶಾಯಿಯಿಂದ ಬರೆಯಿರಿ. ಮೂರನೆಯದಾಗಿ, ಈ ಮಳೆಗಾಲ ಕಾಲಿಡುವ ಮುನ್ನ ಪ್ರತಿ ಘಟಕದ ಬಿತ್ತನೆಯ ಬೀಜದ ಒಂದು ಪ್ರತಿ ನೆರೆಯ ಘಟಕದ ಮನೆಯೊಂದಕ್ಕೆ ತಲುಪಲಿ. ಬೀಜವನ್ನು ನೆರೆಮನೆಯಲ್ಲಿಟ್ಟು ಉಳಿಸಿಕೊಳ್ಳುವುದು ನಮ್ಮ ಸೀಮೆಗೆ ಹೊಸ ಪದ್ಧತಿಯೇನಲ್ಲ.